ಹೆಸರಿಲ್ಲದ ಹಾಡುಗಳು

ಹೊರನಾಡಿಗೆ ಹೊರಟ ಕನ್ನಡಿಗನ ಪೆಟ್ಟಿಗೆಯಲ್ಲಿ ಏನೇನಿರುತ್ತದೆಂಬುದನ್ನು ಈ ಸ್ಮರಣ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಚಟ್ನಿಪುಡಿ, ಮಾವಿನಮಿಡಿ ಉಪ್ಪಿನಕಾಯಿ, ಮನೆದೇವರ ಪಟ, ಎರಡು ಮೂರು ಪುಸ್ತಕ - ಇವು ಎಲ್ಲರ ಪೆಟ್ಟಿಗೆಯಲ್ಲಿಯೂ ಇದ್ದವುಗಳೇ. 2001ರಲ್ಲಿ ನಾನು ಸಾಗರದಿಂದ ಐರ್ಲೆಂಡಿಗೆ ಹೊರಟಾಗ ನನ್ನ ತಂದೆಯವರು ಇವುಗಳ ಜೊತೆಗೆ ಬೂಟಿನ ರಟ್ಟಿನ ಡಬ್ಬಿಯೊಂದನ್ನೂ ಇಟ್ಟರು. ಅದರಲ್ಲಿ ಮೂವತ್ತೆರಡು ಕ್ಯಾಸೆಟ್ಟುಗಳಿದ್ದವು. ಕೆಲವು ಅಂಗಡಿಯಲ್ಲಿ ಕೊಂಡವು. ಉಳಿದವು ಭದ್ರಾವತಿ ಆಕಾಶವಾಣಿಯಿಂದ ಅವರೇ ಧ್ವನಿಮುದ್ರಿಸಿಕೊಂಡವು. ಪ್ರತಿಯೊಂದರ ಒಳಗಿನ ಕಾಗದದ ಮೇಲೆ ನೀಲಿ ಶಾಯಿಯಲ್ಲಿ, ಶಾಲಾ ಮಾಸ್ತರರಿಗೆ ಸಹಜವಾದ ದುಂಡಕ್ಷರದಲ್ಲಿ, ಒಂದೊಂದು ಹಾಡಿನ ಮುಂದೆಯೂ ಮೂರು ವಿವರಗಳನ್ನು ಬರೆದಿದ್ದರು: ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು.

ಆ ಡಬ್ಬಿ ಇಂದು ಡನ್ ಲಿಯರಿಯ ನಮ್ಮ ಮನೆಯ ಬೀರುವಿನ ಮೇಲಿದೆ. ಕ್ಯಾಸೆಟ್ ನುಡಿಸುವ ಯಂತ್ರ ಕೆಟ್ಟು ಎಷ್ಟೋ ವರ್ಷಗಳಾದವು. ಹಾಡುಗಳೆಲ್ಲ ಈಗ ಅಂಗೈಯಗಲದ ಫೋನಿನಲ್ಲಿವೆ. ಅಲ್ಲಿ ನಾನು, ನಿಮ್ಮಲ್ಲಿ ಅನೇಕರಂತೆ, ಸಂದರ್ಭಕ್ಕೆ ತಕ್ಕ ಹಾಡುಪಟ್ಟಿಗಳನ್ನು, ಅಂದರೆ ಪ್ಲೇಲಿಸ್ಟುಗಳನ್ನು, ಕಟ್ಟುತ್ತ ಬಂದಿದ್ದೇನೆ. ರಾಜ್ಯೋತ್ಸವಕ್ಕೊಂದು, ನವರಾತ್ರಿಗೊಂದು, ಜೋಗುಳಗಳದೊಂದು, ಮದುವೆಮನೆಯದೊಂದು, ದೂರದ ಕಾರಿನ ಪಯಣಕ್ಕೊಂದು. ಪ್ರತಿಯೊಂದನ್ನೂ ನಮ್ಮ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ, ಇನ್ನೊಂದು ಊರಿನ ಗೆಳೆಯರಿಗೂ ಹಂಚಿ, ಕನ್ನಡದ ಸೇವೆ ಮಾಡಿದೆನೆಂದು ಒಳಗೊಳಗೇ ಹೆಮ್ಮೆಪಟ್ಟವನು ನಾನು. ಆ ಹೆಮ್ಮೆ ಅಷ್ಟೇನೂ ಸಾಧಾರವಾದುದಲ್ಲವೆಂಬ ಅರಿವು ತಡವಾಗಿ ಮೂಡಿದ್ದರಿಂದ ಈ ಲೇಖನ. ನಾನು ಹೇಳಹೊರಟಿರುವುದು ಇಷ್ಟೇ: ಹಾಡುಪಟ್ಟಿ ಕಟ್ಟುವುದೆಂದರೆ ಮೆಚ್ಚಿನ ಹಾಡುಗಳನ್ನು ರಾಶಿ ಹಾಕುವುದಲ್ಲ, ಅದು ಒಂದು ಸಂಪಾದನೆಯ ಕೆಲಸ. ಕವಿಯ ಹೆಸರು, ರಾಗ ಹಾಕಿದವರ ಹೆಸರು, ಹಾಡಿದವರ ಹೆಸರು ಮತ್ತು 'ಈ ಹಾಡು ಇಲ್ಲೇಕಿದೆ' ಎಂಬ ಒಂದು ಮಾತು - ಇವಿಲ್ಲದ ಪಟ್ಟಿಯನ್ನು ನಮ್ಮ ಮಕ್ಕಳ ಕೈಗೆ ಕೊಟ್ಟರೆ ನಾವು ಅವರಿಗೆ ಕೊಟ್ಟಿದ್ದು ಹಾಡಲ್ಲ, ಬರಿಯ ಸದ್ದು.

ಇದು ಹಿರಿಯರ ಗೊಣಗಾಟವೆಂದು ಪುಟ ಮಗುಚುವ ಮೊದಲು ಸ್ವಲ್ಪ ಹಿಂದಿನದನ್ನು ನೆನೆಯೋಣ. ಒಂದು ವಿಷಯವನ್ನು ಹಿಡಿದು ಹಾಡುಗಳನ್ನು ಪೋಣಿಸಿ ರಸಿಕರಿಗೆ ತಲುಪಿಸುವ ಕಲೆ ನಮ್ಮವರಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆ ದೊರೆತದ್ದು ಆ ಕೇಂದ್ರದಿಂದ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರು 'ಬಿನಾಕಾ ಗೀತಮಾಲಾ'ವನ್ನು ತೊಡಗಿದಾಗ ಇಡೀ ದೇಶವೇ ವಾರಕ್ಕೊಂದು ದಿನ ರೇಡಿಯೋದ ಸುತ್ತ ಕುಳಿತಿತು. 1957ರಲ್ಲಿ ವಿವಿಧ ಭಾರತಿ ಬಂತು. ಕೋರಿಕೆಯ ಗೀತೆಗಳ ಕಾರ್ಯಕ್ರಮಗಳು ಮನೆಮಾತಾದವು.

ಆ ಕಾರ್ಯಕ್ರಮಗಳಲ್ಲಿ ಉದ್ಘೋಷಕರು ಹಾಡು ಹಾಕುವ ಮೊದಲು ಹೇಳುತ್ತಿದ್ದ ಮಾತುಗಳನ್ನು ನೆನಪಿಸಿಕೊಳ್ಳಿ. ಮೊದಲು ಚಿತ್ರದ ಹೆಸರು, ಆಮೇಲೆ ಸಾಹಿತ್ಯ, ಆಮೇಲೆ ಸಂಗೀತ, ಕೊನೆಗೆ ಹಾಡಿದವರು. ಅದಾದ ಮೇಲೆ ಆ ಹಾಡನ್ನು ಕೋರಿ ಪತ್ರ ಬರೆದವರ ಹೆಸರುಗಳು, ಅವರ ಊರುಗಳು. ಒಂದು ಹಾಡಿನ ಹಿಂದೆ ಇರುವವರನ್ನೂ ಮುಂದೆ ಕುಳಿತು ಕೇಳುವವರನ್ನೂ ಆ ಅರ್ಧ ನಿಮಿಷ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿತ್ತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ನನ್ನ ಅಜ್ಜಿಗೂ ಚಿ. ಉದಯಶಂಕರ್ ಯಾರು, ವಿಜಯಭಾಸ್ಕರ್ ಯಾರು, ಜಿ. ಕೆ. ವೆಂಕಟೇಶ್ ಯಾರು ಎಂಬುದು ಗೊತ್ತಿತ್ತು. ಅವರ ಮುಖವನ್ನು ಆಕೆ ಎಂದೂ ಕಂಡವಳಲ್ಲ. ಹೆಸರನ್ನು ಮಾತ್ರ ಸಾವಿರ ಸಲ ಕೇಳಿದ್ದಳು. ಅಭಿಮಾನಿಗಳ ಬಳಗವೆಂಬುದು ಹೀಗೆ ಹೆಸರುಗಳ ಪುನರಾವರ್ತನೆಯಿಂದಲೇ ಕಟ್ಟಿಕೊಂಡಿತು.

ಅನಂತರ ಧ್ವನಿಸುರುಳಿಗಳ ಕಾಲ ಬಂದಿತು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಸಂಯೋಜಿಸಿದ 'ನಿತ್ಯೋತ್ಸವ' ಹೊರಬಂದದ್ದು ಕನ್ನಡ ಸುಗಮ ಸಂಗೀತದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಅದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧವಾಗಿದೆ. ಅದಕ್ಕೂ ಮೊದಲು ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಊರೂರಿನ ವೇದಿಕೆಗಳಲ್ಲಿ ಕವಿಗಳ ಸಾಲುಗಳನ್ನು ಜನರ ನಾಲಗೆಗೆ ತಂದಿದ್ದರು. ಅನಂತರ ಸಿ. ಅಶ್ವತ್ಥ್ ಅವರು ಶಿಶುನಾಳ ಷರೀಫರ ತತ್ತ್ವಪದಗಳನ್ನು, ಕೆ. ಎಸ್. ನರಸಿಂಹಸ್ವಾಮಿಯವರ ದಾಂಪತ್ಯ ಗೀತೆಗಳನ್ನು ಹಳ್ಳಿಯ ಟೆಂಟಿನವರೆಗೂ ಒಯ್ದರು. ಈ ಪರಂಪರೆಯ ವಿಶೇಷವೆಂದರೆ ಇಲ್ಲಿ ಕವಿಯ ಹೆಸರೇ ಮುಂದೆ. ಒಂದು ಧ್ವನಿಸುರುಳಿಯೆಂದರೆ ಒಬ್ಬ ಕವಿಯ ಅಥವಾ ಒಂದು ಭಾವದ ಸಂಕಲನ. ಎಂಟು ಹತ್ತು ಹಾಡುಗಳು, ಅವುಗಳಿಗೊಂದು ಅನುಕ್ರಮ, ಎ ಬದಿ ಮುಗಿದು ಬಿ ಬದಿಗೆ ತಿರುವುವ ಒಂದು ಬಿಡುವು. ನಾವು ಇಂದು ಹಾಡುಪಟ್ಟಿ ಎಂದು ಕರೆಯುವುದರ ನಿಜವಾದ ಪೂರ್ವಜ ಇದೇ.

ಇಂದಿನ ಸ್ಥಿತಿ ಹೇಗಿದೆ? ಫೋನಿನ ಪರದೆಯ ಮೇಲೆ ಚಿತ್ರದ ನಾಯಕನ ಮುಖವೊಂದು, ಅದರ ಕೆಳಗೆ ರೋಮನ್ ಅಕ್ಷರದಲ್ಲಿ ಹಾಡಿನ ಮೊದಲೆರಡು ಪದ. ಕವಿಯ ಹೆಸರು ಬೇಕಾದರೆ ಹುಡುಕಿಕೊಂಡು ಒಳಗೆ ಹೋಗಬೇಕು; ಹೋದರೂ ಸಿಗುತ್ತದೆಂಬ ಭರವಸೆಯಿಲ್ಲ. ಸಂಗೀತ ಸಂಯೋಜಕರನ್ನು ಗಾಯಕರೆಂದು, ಗಾಯಕರನ್ನು ಸಂಯೋಜಕರೆಂದು ಹಾಕಿರುವುದನ್ನು ನಾನೇ ಹಲವು ಸಲ ಕಂಡಿದ್ದೇನೆ. ಒಂದೇ ಕನ್ನಡ ಪದವನ್ನು ರೋಮನ್ ಲಿಪಿಯಲ್ಲಿ ನಾಲ್ಕು ಬಗೆಯಾಗಿ ಬರೆಯುವುದರಿಂದ ಒಬ್ಬರಿಗೆ ಸಿಕ್ಕ ಹಾಡು ಇನ್ನೊಬ್ಬರಿಗೆ ಸಿಕ್ಕದು. ನಿನ್ನೆಯಿದ್ದ ಹಾಡು ಹಕ್ಕುಗಳ ಕಾರಣದಿಂದ ಇಂದು ಮಾಯವಾಗಿ, ಪಟ್ಟಿಯಲ್ಲಿ ಬೂದುಬಣ್ಣದ ಒಂದು ಗೆರೆ ಮಾತ್ರ ಉಳಿಯುವುದೂ ಉಂಟು. ಇದಕ್ಕೆಲ್ಲ ಆ ಸೇವೆಗಳನ್ನು ನಡೆಸುವವರನ್ನು ದೂರುವುದು ಸುಲಭ. ಆದರೆ ನಾನು ಕಟ್ಟಿದ ಪಟ್ಟಿಗಳಲ್ಲಿಯೂ ಹೆಸರುಗಳಿರಲಿಲ್ಲವಲ್ಲ! ತಂದೆಯವರ ಕ್ಯಾಸೆಟ್ಟುಗಳಲ್ಲಿದ್ದ ಹಾಡುಗಳನ್ನು ಒಂದೊಂದಾಗಿ ಹುಡುಕಿ ಫೋನಿಗೆ ಸೇರಿಸುವಾಗ, ಅವರು ನೀಲಿ ಶಾಯಿಯಲ್ಲಿ ಬರೆದ ಮೂರು ವಿವರಗಳನ್ನು ನಾನೇ ಕೈಯಾರೆ ಕೈಬಿಟ್ಟಿದ್ದೆ.

ಇದು ನನಗೆ ಮನದಟ್ಟಾದದ್ದು ಒಂದು ಮಳೆಯ ಪಟ್ಟಿಯಿಂದ. ಡನ್ ಲಿಯರಿಯಲ್ಲಿ ಮಳೆಗೆ ಬರವಿಲ್ಲವೆಂಬುದನ್ನು ಬೇರೆ ಹೇಳಬೇಕೆ? ಹಾಗಾಗಿ 'ಮಳೆಯ ಹಾಡುಗಳು' ಎಂದು ನಲವತ್ತು ಗೀತೆಗಳನ್ನು ಸೇರಿಸಿ ಬಳಗಕ್ಕೆ ಕಳುಹಿಸಿದೆ. ಹೆಬ್ಬೆರಳಿನ ಚಿಹ್ನೆಗಳು ಧಾರಾಳವಾಗಿ ಬಂದವು. ಕೆಲವು ವಾರಗಳ ಮೇಲೆ ವಿಚಾರಿಸಿದರೆ ಐದಾರು ಹಾಡುಗಳಿಂದಾಚೆಗೆ ಕೇಳಿದವರು ಯಾರೂ ಇರಲಿಲ್ಲ, ಒಬ್ಬಳ ಹೊರತು. ಆಕೆ ನಮ್ಮ ಗೆಳೆಯರೊಬ್ಬರ ಮಗಳು, ಹದಿನಾರರ ಹುಡುಗಿ, ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಓದುವಾಗ ಮಾತ್ರ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾಳೆ. ದೀಪಾವಳಿಯ ಊಟದ ದಿನ ನನ್ನ ಬಳಿ ಬಂದು, "ಅಂಕಲ್, ಆ ಹನ್ನೊಂದನೇ ಹಾಡು ಬರೆದಿದ್ದು ಯಾರು?" ಎಂದು ಕೇಳಿದಳು. ನಾನು ತಟ್ಟನೆ ಹೇಳಿದ ಹೆಸರು ಚಿತ್ರದ ನಾಯಕನದು. "ಅವರು ಆ್ಯಕ್ಟರ್ ಅಲ್ವಾ ಅಂಕಲ್?" ಎಂದಳು. ನನಗೆ ಉತ್ತರ ತೋಚಲಿಲ್ಲ. ಅವಳು ಅಷ್ಟಕ್ಕೇ ಬಿಡದೆ ಇನ್ನೊಂದು ಪ್ರಶ್ನೆ ಹಾಕಿದಳು: "ಮಳೆ ಬಂದ್ರೆ ಇವರಿಗೆಲ್ಲ ಯಾಕಷ್ಟು ಖುಷಿ?"

ಮೊದಲನೆಯ ಪ್ರಶ್ನೆ ನನ್ನ ಅಜ್ಞಾನವನ್ನು ಬಯಲು ಮಾಡಿತು; ಎರಡನೆಯದು ನನ್ನ ಪಟ್ಟಿಯ ಪೊಳ್ಳನ್ನು. ಐರ್ಲೆಂಡಿನಲ್ಲಿ ವರ್ಷದ ಯಾವ ತಿಂಗಳಲ್ಲಾದರೂ ಮಳೆ ಬರುತ್ತದೆ. ಅದನ್ನು ಯಾರೂ ಕಾಯುವುದಿಲ್ಲ. ಅದು ಬಂತೆಂದು ಯಾರೂ ಅಂಗಳಕ್ಕೆ ಓಡುವುದಿಲ್ಲ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕೆರೆ ಒಣಗಿ, ಬಾವಿಯ ಹಗ್ಗ ಉದ್ದವಾಗಿ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆ ನಕ್ಷತ್ರಗಳನ್ನು ಎಣಿಸುತ್ತ ಮುಗಿಲು ನೋಡುವ ನಾಡಿನ ಕವಿಗೆ ಮಳೆಯೆಂದರೆ ಬದುಕು. ಈ ಒಂದು ಮಾತನ್ನು ಹೇಳದೆ ನಲವತ್ತು ಹಾಡು ಕೊಟ್ಟರೆ, ಇಲ್ಲಿ ಬೆಳೆದ ಮಗುವಿಗೆ ಅದು ಒದ್ದೆಯಾದವರ ಸಂಭ್ರಮವಾಗಿ ಕಂಡರೆ ಆಶ್ಚರ್ಯವೇನು? ಆ ಪಟ್ಟಿಯಲ್ಲಿ 2006ರ 'ಮುಂಗಾರು ಮಳೆ' ಚಿತ್ರದ ಹಾಡುಗಳೂ ಇದ್ದವು. ಅವುಗಳಿಗೆ ಸಂಗೀತ ನೀಡಿದ ಮನೋಮೂರ್ತಿಯವರು ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು. ನಮ್ಮಂತೆಯೇ ಮುಂಗಾರಿನಿಂದ ದೂರ ಬದುಕಿದವರು. ಅದೇ ಚಿತ್ರಕ್ಕೆ ಗೀತೆ ಬರೆದವರಲ್ಲಿ ಗೋಕರ್ಣದ ಜಯಂತ ಕಾಯ್ಕಿಣಿ ಒಬ್ಬರು. ಕಡಲತೀರದ ಮಳೆಯಲ್ಲಿ ಬೆಳೆದ ಕಥೆಗಾರ. ಈ ಎರಡು ಸಂಗತಿಗಳನ್ನು ಆ ಹುಡುಗಿಗೆ ಹೇಳಿದ್ದರೆ ಅವಳಿಗೆ ಆ ಹಾಡು ಎಷ್ಟು ಹತ್ತಿರವಾಗುತ್ತಿತ್ತು! ನನಗದು ಗೊತ್ತಿತ್ತು. ಆದರೆ ನಾನು ಕಟ್ಟಿದ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅಭಿಮಾನಿ ಬಳಗಗಳ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಬಳಗದಲ್ಲಿ ಒಮ್ಮೆ ವರನಟ ಡಾ. ರಾಜ್‌ಕುಮಾರ್ ಅವರ ಹಾಡುಪಟ್ಟಿ ಸಿದ್ಧವಾಯಿತು. ಒಡನೆಯೇ ಜಗಳವೂ ಸಿದ್ಧವಾಯಿತು. 'ರಾಜ್ ಹಾಡು' ಎಂದರೆ ಅವರು ಹಾಡಿದ್ದೋ, ಅವರ ಮೇಲೆ ಚಿತ್ರಿತವಾದದ್ದೋ? ಹಿಂದೆ ಅಲ್ಲೊಂದು ಇಲ್ಲೊಂದು ಹಾಡಿದ್ದರೂ, 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಬಳಿಕವೇ ಅಣ್ಣಾವ್ರು ತಮ್ಮ ಚಿತ್ರಗಳಿಗೆ ತಾವೇ ಹಾಡುವುದು ರೂಢಿಯಾದದ್ದು. ಅದಕ್ಕೂ ಮೊದಲು ಎಷ್ಟೋ ವರ್ಷ ಅವರ ಶಾರೀರವಾಗಿದ್ದವರು ಪಿ. ಬಿ. ಶ್ರೀನಿವಾಸ್, ಕಾಕಿನಾಡದಲ್ಲಿ ಹುಟ್ಟಿ ಕನ್ನಡಿಗರ ಮನೆಯ ಮಗನಾದ ಮಹನೀಯರು. ಪಟ್ಟಿಯಲ್ಲಿ ನಾಯಕನ ಚಿತ್ರ ಮಾತ್ರವಿದ್ದರೆ ಶ್ರೀನಿವಾಸರು ಸದ್ದಿಲ್ಲದೆ ಮರೆಯಾಗುತ್ತಾರೆ. ಇನ್ನೊಂದು ಉದಾಹರಣೆ: 'ಜೀವನ ಚೈತ್ರ'ದ ಹಾಡಿಗಾಗಿ ರಾಜ್ ಅವರಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿ ಬಂದುದನ್ನು ಎಲ್ಲ ಅಭಿಮಾನಿಗಳೂ ಹೆಮ್ಮೆಯಿಂದ ಹೇಳುತ್ತಾರೆ; ಆ ಹಾಡಿಗೆ ಸಂಗೀತ ನೀಡಿದವರು ಒಡಿಶಾ ಮೂಲದ ಉಪೇಂದ್ರಕುಮಾರ್ ಎಂಬುದನ್ನು ಹೇಳುವವರು ವಿರಳ. ಅಭಿಮಾನವು ಒಬ್ಬರ ಹೆಸರನ್ನು ದೊಡ್ಡದು ಮಾಡುವ ಭರದಲ್ಲಿ ಹತ್ತು ಹೆಸರುಗಳನ್ನು ಅಳಿಸಬಾರದು. ಅಭಿಮಾನಿಗಳನ್ನು ದೇವರೆಂದು ಕರೆದ ಆ ವಿನಯಶೀಲ ಕಲಾವಿದರಿಗೂ ಅದು ಒಪ್ಪಿಗೆಯಾಗುತ್ತಿರಲಿಲ್ಲವೆಂದು ನನ್ನ ಭಾವನೆ.

ಚಲನಚಿತ್ರದ ಮೂಲಕ ಕಾವ್ಯ ಮನೆಗೆ ಬಂದ ಸಂದರ್ಭಗಳಲ್ಲಂತೂ ಈ ನಷ್ಟ ಇನ್ನೂ ಹೆಚ್ಚಿನದು. ಪುಟ್ಟಣ್ಣ ಕಣಗಾಲರ 'ಬೆಳ್ಳಿ ಮೋಡ'ದಲ್ಲಿ ವಿಜಯಭಾಸ್ಕರರು ದ. ರಾ. ಬೇಂದ್ರೆಯವರ ಕವನವನ್ನು ಅಳವಡಿಸಿದರು. ಟಿ. ಎಸ್. ನಾಗಾಭರಣರ 'ಮೈಸೂರ ಮಲ್ಲಿಗೆ' ಚಿತ್ರದ ಗೀತೆಗಳಿಗಾಗಿ ಕೆ. ಎಸ್. ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಆ ಹೆಸರಿನ ಕವನಸಂಕಲನ ಪ್ರಕಟವಾದದ್ದು 1942ರಲ್ಲಿ, ಅಂದರೆ ಚಿತ್ರಕ್ಕಿಂತ ಸುಮಾರು ಅರ್ಧ ಶತಮಾನ ಮೊದಲು. ಪಟ್ಟಿಯಲ್ಲಿ ಕವಿಯ ಹೆಸರಿದ್ದರೆ ಕುತೂಹಲಿಯಾದ ಒಬ್ಬ ತರುಣ ಆ ಹಾಡಿನಿಂದ ಪುಸ್ತಕಕ್ಕೆ ಹೋಗಬಲ್ಲ. ಹೆಸರಿಲ್ಲದಿದ್ದರೆ ಅವನ ದಾರಿ ಆ ಹಾಡಿನಲ್ಲಿಯೇ ಮುಗಿಯುತ್ತದೆ.

ಈ ವಿಚಾರದಲ್ಲಿ ನನಗೆ ಪಾಠ ಕಲಿಸಿದವರು ನಮ್ಮ ಊರಿನ ಐರಿಷ್ ಸಂಗೀತಗಾರರೆಂದು ಒಪ್ಪಿಕೊಳ್ಳಬೇಕು. ಡನ್ ಲಿಯರಿಯ ಪಕ್ಕದಲ್ಲಿಯೇ ಮಂಕ್ಸ್‌ಟೌನ್ ಎಂಬ ಬಡಾವಣೆಯಿದೆ. 1951ರಲ್ಲಿ ಸ್ಥಾಪನೆಯಾಗಿ, ಐರಿಷ್ ಪಾರಂಪರಿಕ ಸಂಗೀತವನ್ನು ಉಳಿಸಿ ಬೆಳೆಸಿದ ಕೋಲ್ತಸ್ ಎಂಬ ಸಂಸ್ಥೆಯ ಕೇಂದ್ರ ಕಚೇರಿ ಅಲ್ಲಿಯ ಬೆಲ್‌ಗ್ರೇವ್ ಚೌಕದಲ್ಲಿದೆ. ಅಲ್ಲಿ ನಡೆಯುವ ವಾದನದ ಕೂಟಗಳಿಗೆ ನಾನು ಆಗಾಗ ಹೋಗುತ್ತೇನೆ. ವೇದಿಕೆಯಿಲ್ಲ, ಮುಖ್ಯ ಅತಿಥಿಗಳಿಲ್ಲ; ಪಿಟೀಲು, ಕೊಳಲು, ಕನ್ಸರ್ಟೀನಾ ಹಿಡಿದ ಹತ್ತು ಹನ್ನೆರಡು ಜನ ದುಂಡಗೆ ಕುಳಿತು ನುಡಿಸುತ್ತಾರೆ. ಅವರು ಒಂದೇ ಧಾಟಿಯನ್ನು ನುಡಿಸಿ ನಿಲ್ಲಿಸುವುದಿಲ್ಲ. ಎರಡೋ ಮೂರೋ ಧಾಟಿಗಳನ್ನು ಜೋಡಿಸಿ ಬಿಡುವಿಲ್ಲದೆ ನುಡಿಸುತ್ತಾರೆ. ಇದಕ್ಕೆ ಅವರು 'ಸೆಟ್' ಎನ್ನುತ್ತಾರೆ. ಒಂದು ಸೆಟ್ ಮುಗಿದ ಮೇಲೆ ಹಿರಿಯ ಪಿಟೀಲುವಾದಕರೊಬ್ಬರು, "ಇದು ನನಗೆ ಕ್ಲೇರಿನ ಇಂಥವರಿಂದ ಬಂದದ್ದು, ಅವರಿಗೆ ಅವರ ತಾಯಿಯಿಂದ" ಎಂದು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಗುರುಪರಂಪರೆಯ ನೆನಪಾಗುತ್ತದೆ. ಒಮ್ಮೆ ಅವರು ನಮ್ಮ ಹಾಡೊಂದನ್ನು ಕೇಳಬಯಸಿದರು. ಫೋನಿನಿಂದ ಕೇಳಿಸಿದೆ. ಮೆಚ್ಚಿ ತಲೆದೂಗಿ, "ಇದು ಯಾರಿಂದ ಬಂದದ್ದು?" ಎಂದು ಕೇಳಿದರು. ದೀಪಾವಳಿಯ ದಿನ ಆ ಹುಡುಗಿಯ ಮುಂದೆ ತಡವರಿಸಿದಂತೆಯೇ ಅಂದೂ ತಡವರಿಸಿದೆ.

ಹೊರನಾಡಿನವರಾದ ನಮಗೆ ಐರಿಷ್ ಜನರ ಇತಿಹಾಸದಲ್ಲಿ ಇನ್ನೂ ದೊಡ್ಡ ಪಾಠವೊಂದಿದೆ. ಕಾರ್ಕ್ ಪ್ರಾಂತದ ಬ್ಯಾಂಟ್ರಿಯ ಬಳಿ 1848ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓ'ನೀಲ್ ಎಂಬವರು ಅಮೆರಿಕಕ್ಕೆ ವಲಸೆ ಹೋಗಿ, 1901ರಿಂದ 1905ರವರೆಗೆ ಚಿಕಾಗೊ ನಗರದ ಪೊಲೀಸ್ ಮುಖ್ಯಸ್ಥರಾಗಿದ್ದರು. ಕೆಲಸ ಕಾನೂನಿನದಾದರೂ ಮನಸ್ಸು ಸಂಗೀತದ್ದು. ಅವರಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಅದೇ ಪೊಲೀಸ್ ಪಡೆಯಲ್ಲಿದ್ದ ಜೇಮ್ಸ್ ಓ'ನೀಲ್ ಎಂಬವರು ಬರೆದುಕೊಳ್ಳುತ್ತಿದ್ದರು. ಚಿಕಾಗೊದಲ್ಲಿದ್ದ ತಮ್ಮ ನಾಡಿನ ವಲಸಿಗರಿಂದ ಧಾಟಿಗಳನ್ನು ಒಂದೊಂದಾಗಿ ಸಂಗ್ರಹಿಸಿ 1903ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ 1850 ಧಾಟಿಗಳಿವೆ. ಅದರಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಒಂದು ಸಣ್ಣ ವಿವರ: ಎಷ್ಟೋ ಧಾಟಿಗಳ ಮೇಲ್ಭಾಗದಲ್ಲಿ ಅದನ್ನು ಕೊಟ್ಟವರ ಹೆಸರನ್ನು ಮುದ್ರಿಸಿದ್ದಾರೆ. ದೊಡ್ಡವರದಲ್ಲ, ಕೂಲಿಯವರು, ಪೊಲೀಸರು, ಅವರ ಮನೆಯವರು, ಇಂಥವರ ಹೆಸರುಗಳು.

ಇನ್ನೊಬ್ಬರು ಸ್ಲೈಗೊ ಪ್ರಾಂತದ ಪಿಟೀಲುವಾದಕ ಮೈಕೆಲ್ ಕೋಲ್ಮನ್. 1914ರಲ್ಲಿ ಅಮೆರಿಕಕ್ಕೆ ಹೋದ ಅವರು ನ್ಯೂಯಾರ್ಕಿನಲ್ಲಿ ನುಡಿಸಿದ ಗ್ರಾಮಫೋನ್ ತಟ್ಟೆಗಳು ಹಡಗೇರಿ ಊರಿಗೆ ಮರಳಿ ಬಂದವು. 1934ರಲ್ಲಿ ಅವರು 'ಟಾರ್ಬೋಲ್ಟನ್', 'ಲಾಂಗ್‌ಫರ್ಡ್ ಕಲೆಕ್ಟರ್', 'ಸೇಲರ್ಸ್ ಬಾನೆಟ್' ಎಂಬ ಮೂರು ಧಾಟಿಗಳನ್ನು ಒಂದರ ಹಿಂದೊಂದು ಜೋಡಿಸಿ ನುಡಿಸಿದರು. ಇಂದಿಗೂ ಐರ್ಲೆಂಡಿನ ಕೂಟಗಳಲ್ಲಿ ಈ ಮೂರನ್ನು ಅದೇ ಅನುಕ್ರಮದಲ್ಲಿ ನುಡಿಸುತ್ತಾರೆ, ಅದು ಕೋಲ್ಮನ್ನರ ಸೆಟ್ ಎಂದು ಹೇಳಿಯೇ ನುಡಿಸುತ್ತಾರೆ. ಹೊರನಾಡಿನಲ್ಲಿ ಕುಳಿತು ಒಬ್ಬ ವಲಸಿಗ ಮಾಡಿದ ಮೂರೇ ಧಾಟಿಗಳ ಪಟ್ಟಿ ತಾಯ್ನಾಡಿನಲ್ಲಿ ಒಂಬತ್ತು ದಶಕ ಬಾಳಿದೆ. ನಲವತ್ತು ಹಾಡುಗಳ ನನ್ನ ಮಳೆಯ ಪಟ್ಟಿ ಬಾಳಿದ್ದು ಮೂರು ವಾರ.

ಹೆಸರಿನ ಮಹತ್ವವನ್ನು ನಾನಿರುವ ಊರೇ ಬಲ್ಲದು. 1821ರಲ್ಲಿ ಬ್ರಿಟನ್ನಿನ ದೊರೆ ಬಂದು ಹೋದ ನೆನಪಿಗಾಗಿ ಇದನ್ನು 'ಕಿಂಗ್ಸ್‌ಟೌನ್' ಎಂದು ಕರೆದರು. ಸುಮಾರು ನೂರು ವರ್ಷಗಳ ಬಳಿಕ, 1920ರಲ್ಲಿ, ಊರಿನವರು ತಮ್ಮ ಪ್ರಾಚೀನ ಅರಸನೊಬ್ಬನ ಕೋಟೆಯನ್ನು ನೆನಪಿಸುವ ಹಳೆಯ ಹೆಸರನ್ನು ಮರಳಿ ಪಡೆದರು. ಹೊಸಬರಿಗೆ ಅದನ್ನು ಓದುವುದು ಕಷ್ಟ; ಬರೆದಿರುವುದೊಂದು, ಉಚ್ಚರಿಸುವುದೊಂದು. ಆದರೂ ಅವರು ಸುಲಭದ ಹೆಸರನ್ನು ಬಿಟ್ಟು ಕಷ್ಟದ ಹೆಸರನ್ನೇ ಉಳಿಸಿಕೊಂಡರು. ಏಕೆಂದರೆ ಅದು ಅವರದು.

ನನ್ನ ಅಭಿಪ್ರಾಯಕ್ಕೆ ಎರಡು ಆಕ್ಷೇಪಗಳು ಬಂದಿವೆ. ಮೊದಲನೆಯದು: "ಹಾಡು ಇರುವುದು ಆನಂದಕ್ಕೆ, ಅದನ್ನು ಪರೀಕ್ಷೆಯ ಪಾಠ ಮಾಡಬೇಡಿ." ಈ ಮಾತಿನಲ್ಲಿ ಸತ್ಯವಿದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಹಾಡು ಕೇಳುವವರನ್ನು ತಡೆದು ಕವಿಪರಿಚಯ ಮಾಡಿಕೊಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬಾನುಲಿಯ ಕಾಲದಲ್ಲಿ ಹೆಸರು ಕೇಳಿದ್ದರಿಂದ ಯಾರ ಆನಂದಕ್ಕೂ ಕುಂದುಂಟಾಗಲಿಲ್ಲ. ಬದಲಾಗಿ 'ಈಗ ಬರುತ್ತದೆ' ಎಂಬ ನಿರೀಕ್ಷೆ ಹೆಚ್ಚಿತು. ಎರಡನೆಯ ಆಕ್ಷೇಪ: "ಈಗ ಯಂತ್ರವೇ ನಮ್ಮ ರುಚಿಯನ್ನು ಅರಿತು ಪಟ್ಟಿ ಮಾಡಿಕೊಡುತ್ತದೆ, ನೀವೇಕೆ ಶ್ರಮಪಡುತ್ತೀರಿ?" ಯಂತ್ರವು ನಿನ್ನೆ ನಾವು ಕೇಳಿದ್ದನ್ನು ನೋಡಿ ನಾಳೆಯದನ್ನು ಊಹಿಸುತ್ತದೆ. ಬಹಳ ಜನ ಕೇಳಿದ್ದನ್ನು ಇನ್ನೂ ಬಹಳ ಜನರಿಗೆ ಕೇಳಿಸುತ್ತದೆ. ನಮ್ಮ ಮಗು ಎಂದೂ ಕೇಳದ ಕಾಳಿಂಗರಾಯರನ್ನು ಅದು ತಾನಾಗಿ ಏಕೆ ತಂದುಕೊಡಬೇಕು? ಕೇಳದಿದ್ದುದನ್ನು ಕೇಳಿಸುವುದು, 'ಇದು ನಿನಗೆ ಬೇಕಾಗುತ್ತದೆ, ಕೇಳು' ಎಂದು ಪ್ರೀತಿಯಿಂದ ಒತ್ತಾಯಿಸುವುದು ಮನುಷ್ಯರ ಕೆಲಸ. ತಂದೆ ಮಗನಿಗೆ ಡಬ್ಬಿ ಕಟ್ಟಿಕೊಟ್ಟ ಕೆಲಸ.

ಹಾಗಾದರೆ ಮಾಡಬೇಕಾದುದೇನು? ನಮ್ಮ ಕನ್ನಡ ಕೂಟಗಳ ಪರಿಶೀಲನೆಗಾಗಿ ನನ್ನ ಕೆಲವು ನಮ್ರ ಸಲಹೆಗಳು ಹೀಗಿವೆ. ಮೊದಲನೆಯದಾಗಿ, ಪಟ್ಟಿ ಚಿಕ್ಕದಿರಲಿ. ಹನ್ನೆರಡು ಹಾಡು ಸಾಕು. ಒಂದು ಗಂಟೆಯೊಳಗೆ ಮುಗಿಯುವಂಥದು. ಎರಡನೆಯದಾಗಿ, ಪ್ರತಿ ಹಾಡಿಗೂ ಕವಿ, ಸಂಯೋಜಕ, ಗಾಯಕ ಈ ಮೂವರ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯೋಣ. ಚಿತ್ರಗೀತೆಯಾದರೆ ಚಿತ್ರ ಮತ್ತು ವರ್ಷವೂ ಇರಲಿ. ಮೂರನೆಯದಾಗಿ, ಈ ಹಾಡು ಈ ಪಟ್ಟಿಯಲ್ಲಿ ಏಕಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳೋಣ. ಹೇಳಲಾಗದಿದ್ದರೆ ಆ ಹಾಡನ್ನು ಬಿಟ್ಟುಬಿಡೋಣ. ನಾಲ್ಕನೆಯದಾಗಿ, ಪಟ್ಟಿಯ ಪ್ರತಿಯೊಂದು ಕಾಗದದ ಮೇಲೆಯೂ ಇರಲಿ. ಫೋನಿನಿಂದ ಹಾಡು ಮಾಯವಾದರೂ ಕಾಗದದಿಂದ ಹೆಸರು ಮಾಯವಾಗದು. ಐದನೆಯದಾಗಿ, ಪ್ರಚಾರದ ಮಾತು: ಗುಂಪಿಗೆ ಒಂದು ಕೊಂಡಿ ಎಸೆದು ಸುಮ್ಮನಾಗುವುದು ಪ್ರಚಾರವಲ್ಲ. ತಿಂಗಳಿಗೊಂದು ಮನೆ, ಮನೆಗೊಂದು ಪಟ್ಟಿ, ಕಾಫಿ ತಿಂಡಿಯೊಡನೆ ಕೂತು ಕೇಳುವ ಒಂದು ಸಂಜೆ - ಇದಕ್ಕಿಂತ ಒಳ್ಳೆಯ ಪ್ರಚಾರವನ್ನು ನಾನು ಕಂಡಿಲ್ಲ.

ಇದು ಬರಿಯ ಬೋಧನೆಯಲ್ಲ. ಕಳೆದ ಆಷಾಢದಲ್ಲಿ ನಮ್ಮ ಮನೆಯಲ್ಲಿ ಮಳೆಯ ಪಟ್ಟಿಯನ್ನು ಹೊಸದಾಗಿ ಕಟ್ಟಿದೆವು. ನಲವತ್ತು ಹಾಡು ಹನ್ನೆರಡಾಯಿತು. ಒಂಬತ್ತು ಕುಟುಂಬಗಳು ಬಂದವು. ಒಬ್ಬೊಬ್ಬರು ಒಂದೊಂದು ಹಾಡಿನ ಚೀಟಿ ಓದಿ, ಅನಂತರ ಹಾಡು ಹಾಕಿದರು. ಆ ಹದಿನಾರರ ಹುಡುಗಿ ಹನ್ನೊಂದನೆಯ ಹಾಡಿನ ಚೀಟಿಯನ್ನು ಅಕ್ಷರ ಕೂಡಿಸಿಕೊಂಡು ಓದಿದಳು. ಕವಿಯ ಹೆಸರು ಬಂದಾಗ ತಲೆಯೆತ್ತಿ ನನ್ನ ಕಡೆ ನೋಡಿದಳು. ಮಗನ ಮನೆಗೆಂದು ಶಿವಮೊಗ್ಗದಿಂದ ಬಂದಿದ್ದ ಒಬ್ಬ ತಾಯಿ, ಇನ್ನೊಂದು ಚೀಟಿಯಲ್ಲಿ ನಾನು ಗಾಯಕಿಯ ಹೆಸರನ್ನು ತಪ್ಪಾಗಿ ಬರೆದಿದ್ದನ್ನು ಅಲ್ಲಿಯೇ ತಿದ್ದಿದರು. "ಈ ದನಿ ಅವರದಲ್ಲಪ್ಪ, ನಾನು ರೇಡಿಯೋದಲ್ಲಿ ಎಷ್ಟು ಸಲ ಕೇಳಿದೀನಿ" ಎಂದರು. ಇಡೀ ಸಂಜೆಯಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಮಾತು ಅದು. ಹೆಸರು ಬರೆದಿದ್ದರಿಂದಲೇ ತಪ್ಪು ಗೊತ್ತಾಯಿತು. ಬರೆಯದಿದ್ದರೆ ತಿದ್ದುವುದಕ್ಕೂ ಏನೂ ಇರುತ್ತಿರಲಿಲ್ಲ. ಎಲ್ಲ ಸಂಜೆಗಳೂ ಹೀಗೆ ನಡೆದವೆಂದು ಹೇಳಲಾರೆ. ಮುಂದಿನ ತಿಂಗಳು ಬಂದವರು ನಾಲ್ಕೇ ಮನೆಯವರು. ಆದರೂ ನಿಲ್ಲಿಸಿಲ್ಲ.

ನನ್ನ ತಂದೆಯವರು 2016ರಲ್ಲಿ ತೀರಿಕೊಂಡರು. ಚೀಟಿ ಬರೆಯಲೆಂದು ಅವರ ಡಬ್ಬಿಯನ್ನು ಕೆಳಗಿಳಿಸಿ ಕ್ಯಾಸೆಟ್ಟುಗಳ ಕಾಗದಗಳನ್ನು ಬಿಡಿಸಿ ನೋಡುವಾಗ, ಹತ್ತೊಂಬತ್ತನೆಯದರಲ್ಲಿ ಒಂದು ಭಾವಗೀತೆಯ ಮುಂದೆ ಸಾಹಿತ್ಯ, ಸಂಗೀತ ಎರಡೂ ಬರೆದು, 'ಹಾಡಿದವರು' ಎಂಬುದರ ಮುಂದೆ ಖಾಲಿ ಬಿಟ್ಟು, "ವಿಚಾರಿಸಬೇಕು" ಎಂದು ಬರೆದಿರುವುದು ಕಂಡಿತು. ಉದ್ಘೋಷಕರ ಮಾತಿನ ಕೊನೆ ಧ್ವನಿಮುದ್ರಣದಲ್ಲಿ ತುಂಡಾಗಿದ್ದಿರಬೇಕು. ಅವರಿಗೆ ವಿಚಾರಿಸಲು ಅವಕಾಶವಾಯಿತೋ ಇಲ್ಲವೋ ತಿಳಿಯದು. ಆ ಕ್ಯಾಸೆಟ್ಟನ್ನು ಈಗ ದುರಸ್ತಿ ಮಾಡಿಸಿದ್ದೇನೆ. ಈ ಸಮ್ಮೇಳನಕ್ಕೆ ಬರುವಾಗ ಅದರ ಪ್ರತಿಯನ್ನು ಫೋನಿನಲ್ಲಿ ತರುತ್ತೇನೆ. ಮೂರು ದಿನಗಳ ಗದ್ದಲದ ನಡುವೆ ಊಟದ ಸಾಲಿನಲ್ಲಿ ಯಾರಾದರೂ ನಿಮ್ಮ ಬಳಿ ಬಂದು, "ಈ ದನಿ ಯಾರದೆಂದು ಸ್ವಲ್ಪ ಕೇಳಿ ಹೇಳುತ್ತೀರಾ?" ಎಂದರೆ ಅದು ನಾನೇ. ದಯಮಾಡಿ ಎರಡು ನಿಮಿಷ ನಿಂತು ಕೇಳಬೇಕೆಂದು ಪ್ರಾರ್ಥನೆ.